ಕಾಗದದ ಮೇಲೆ ಕಾಲು

ಬೆಳಿಗ್ಗೆ ಬಾಗಿಲು ತೆರೆದು ವೃತ್ತಪತ್ರಿಕೆಯನ್ನು ಎತ್ತಿಕೊಳ್ಳುವಾಗ ಅದರ ಹೊಟ್ಟೆಯೊಳಗಿಂದ ಯಾವುದಾದರೊಂದು ಬಣ್ಣದ ಕರಪತ್ರ ಜಾರಿ ನನ್ನ ಪಾದದ ಮೇಲೆ ಬೀಳುವುದು ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ನಿತ್ಯದ ಸಂಗತಿ. ಅದು ಮಾಜಿವಾಡಾದ ಕಡೆ ತಲೆಯೆತ್ತಲಿರುವ ಯಾವುದೋ ಗಗನಚುಂಬಿ ಕಟ್ಟಡದ ಜಾಹೀರಾತಾಗಿರಬಹುದು, ಜಿರಳೆ ತಿಗಣೆಗಳನ್ನು ಸಮೂಲವಾಗಿ ನಾಶಮಾಡಿಕೊಡುತ್ತೇವೆಂಬ ವಾಗ್ದಾನವಾಗಿರಬಹುದು, ಮೊಣಕಾಲುನೋವಿನ ತೈಲವಾಗಿರಬಹುದು. ಅದರ ವಿಷಯ ನನಗೆ ಮುಖ್ಯವಲ್ಲ, ಕಾಗದಕ್ಕೆ ಕಾಲು ತಗಲಿತು ಎಂಬುದಷ್ಟೇ ಮುಖ್ಯ. ತಕ್ಷಣ ಬಗ್ಗುತ್ತೇನೆ, ಮೊಣಕಾಲು ತನ್ನ ಅಸಮ್ಮತಿಯನ್ನು ಸಶಬ್ದವಾಗಿ ದಾಖಲಿಸುತ್ತದೆ, ಕರಪತ್ರವನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತೇನೆ, ಆಮೇಲೆ ಅದನ್ನು ಓದದೆಯೇ ರದ್ದಿಯ ರಾಶಿಗೆ ಸೇರಿಸುತ್ತೇನೆ. ಜಿರಳೆ ಔಷಧದವರಿಗೆ ನಾನು ಈ ಜನ್ಮದಲ್ಲಿ ಸಲ್ಲಿಸಿದಷ್ಟು ನಮಸ್ಕಾರಗಳನ್ನು ಉಡುಪಿಯ ಕೃಷ್ಣನಿಗೆ ಸಲ್ಲಿಸಿದ್ದರೆ ನನ್ನ ಪರಲೋಕದ ವ್ಯವಸ್ಥೆ ಎಂದೋ ಪಕ್ಕಾ ಆಗಿಬಿಡುತ್ತಿತ್ತು.

ನೀವು ನಗುತ್ತಿದ್ದೀರೆಂದು ಬಲ್ಲೆ. ಆದರೆ ನಗುತ್ತಿರುವವರಲ್ಲಿ ಹೆಚ್ಚಿನವರು, ಈ ಹಾಳೆ ಕೈಜಾರಿ ಕಾಲ ಬಳಿ ಬಿದ್ದರೆ, ನಾನು ಮಾಡುವುದನ್ನೇ ಮಾಡುವವರು. ಕಾಗದವೆಂದರೆ ಸರಸ್ವತಿ, ಸರಸ್ವತಿಗೆ ಕಾಲು ತಾಗಿಸಿದರೆ ವಿದ್ಯೆ ಹತ್ತುವುದಿಲ್ಲ ಎಂದು ಬಾಲ್ಯದಲ್ಲಿ ಯಾರೋ ನಮ್ಮೆಲ್ಲರ ತಲೆಯ ಮೇಲೆ ಮೊಟಕಿ ಹೇಳಿದ್ದಾರೆ. ವಿದ್ಯೆ ಹತ್ತುವ ವಯಸ್ಸು ದಾಟಿ, ಹತ್ತಿದ್ದಷ್ಟೂ ಇಳಿಯುತ್ತಿರುವ ಈ ವಯಸ್ಸಿನಲ್ಲಿಯೂ ಆ ಮೊಟಕು ಮಾತ್ರ ನೆತ್ತಿಯ ಮೇಲೆ ಹಾಗೆಯೇ ಉಳಿದಿದೆ. ನೌಕರಿಯಲ್ಲಿದ್ದಷ್ಟು ವರ್ಷವೂ ಲೋಕಲ್ ಗಾಡಿಯಲ್ಲಿ ನನ್ನ ಸಹಪ್ರಯಾಣಿಕರು ಅಗ್ರಲೇಖನವನ್ನು ನೆಲಕ್ಕೆ ಹಾಸಿ ಅದರ ಮೇಲೆ ಸುಖಾಸೀನರಾಗಿ ಇಸ್ಪೀಟು ಆಡುತ್ತಿದ್ದರೆ, ನಾನು ಶಾರದಾಂಬೆಯ ಗೌರವಾರ್ಥ ಡೊಂಬಿವಲಿಯಿಂದ ಮುಂಬಯಿಯವರೆಗೆ ನಿಂತೇ ಹೋಗುತ್ತಿದ್ದೆ. ‘ಬೈಠೋ ನಾ ಅಂಕಲ್, ಕಲ್ ಕಾ ಪೇಪರ್ ಹೈ’ ಎಂದು ಅವರು ಕರೆಯುತ್ತಿದ್ದರು. ನಿನ್ನೆಯ ಸರಸ್ವತಿ ಇಂದು ಸರಸ್ವತಿಯಲ್ಲವೆಂಬ ಅವರ ವಾದ ತರ್ಕಬದ್ಧವಾಗಿತ್ತು, ಆದರೆ ನನ್ನ ಕಾಲಿಗೆ ತರ್ಕ ತಿಳಿಯುತ್ತಿರಲಿಲ್ಲ.

ನನ್ನ ಹೆಂಡತಿ ಜಲಜಾ ಈ ವಿಷಯದಲ್ಲಿ ನನಗಿಂತ ಕಟ್ಟುನಿಟ್ಟು. ಕಿರಾಣಿ ಅಂಗಡಿಯಿಂದ ಸಾಸಿವೆ ಕಟ್ಟಿಕೊಂಡು ಬಂದ ಪೊಟ್ಟಣದ ಕಾಗದ ಕೂಡ ನಮ್ಮ ಮನೆಯ ನೆಲದ ಮೇಲೆ ಇರುವಂತಿರಲಿಲ್ಲ. ಚಪ್ಪಲಿ ಇಡುವ ಕಪಾಟಿಗೆ ಹಾಳೆ ಹಾಸೋಣವೆಂದು ನಾನೊಮ್ಮೆ ಸೂಚಿಸಿದಾಗ ಅವಳು ನನ್ನನ್ನು ನೋಡಿದ ರೀತಿಯಿಂದ, ನಾನು ಮದುವೆಗೆ ಮೊದಲು ಏನೇನು ಮಾಡಿರಬಹುದೆಂದು ಅವಳು ಹೊಸದಾಗಿ ಯೋಚಿಸತೊಡಗಿದಳೆಂದು ನನಗನಿಸಿತು. ‘ಇರುವಂತಿರಲಿಲ್ಲ’ ಎಂದು ಭೂತಕಾಲದಲ್ಲಿ ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಜಲಜಾ ಹೋಗಿ ಎರಡು ಮಳೆಗಾಲ ಕಳೆಯಿತು. ಜ್ವರವೆಂದು ಆಸ್ಪತ್ರೆಗೆ ಹೋದವಳು ಮಾತಾಡಿಕೊಂಡು ಮನೆಗೆ ಮರಳಲಿಲ್ಲ. ಮಧ್ಯಾಹ್ನ ದೇಹವನ್ನು ತಂದೆವು, ಸಂಜೆಯ ಹೊತ್ತಿಗೆ ವಿದ್ಯುತ್ ಚಿತಾಗಾರದ ಕಬ್ಬಿಣದ ಬಾಗಿಲು ಮುಚ್ಚಿಯೂ ಆಗಿತ್ತು. ಲೋಕಲ್ ಗಾಡಿಯ ಊರಿನಲ್ಲಿ ಎಲ್ಲವೂ ವೇಳೆಗೆ ಸರಿಯಾಗಿ ಆಗುತ್ತದೆ, ದುಃಖಪಡುವುದಕ್ಕೆ ಮಾತ್ರ ಯಾವ ನಿಲ್ದಾಣದಲ್ಲಿಯೂ ಗಾಡಿ ಸಾಕಷ್ಟು ಹೊತ್ತು ನಿಲ್ಲುವುದಿಲ್ಲ.

ನಮ್ಮ ಒಬ್ಬಳೇ ಮಗಳು ಸ್ವಾತಿ. ಕಾಗದಕ್ಕೆ ಇಷ್ಟೊಂದು ಹೆದರುವ ದಂಪತಿಗಳಿಗೆ ಹುಟ್ಟಿದ್ದಕ್ಕೋ ಏನೋ, ಅವಳು ಕಾಗದದ ಕಲಾವಿದೆಯಾದಳು. ಕಾಗದದ ಮೇಲೆ ಚಿತ್ರ ಬರೆಯುವವಳಲ್ಲ, ಕಾಗದವನ್ನೇ ಮಾಡುವವಳು. ಹತ್ತಿಯ ಚಿಂದಿ, ಬಾಳೆಯ ನಾರು, ಹುಲ್ಲು, ಇವನ್ನೆಲ್ಲ ಅರೆದು ನೀರಿನಲ್ಲಿ ಕದಡಿ, ಜಾಲರಿಯ ಚೌಕಟ್ಟಿನಲ್ಲಿ ಎತ್ತಿ ಹಾಳೆಯಾಗಿಸಿ, ಆ ಹಾಳೆಯೇ ಕೃತಿ ಎಂದು ಗೋಡೆಗೆ ತೂಗುಹಾಕುವವಳು. ಇದನ್ನು ಬಂಧುಗಳಿಗೆ ವಿವರಿಸುವುದು ನನ್ನ ನಿವೃತ್ತ ಜೀವನದ ಪ್ರಧಾನ ಉದ್ಯೋಗವಾಗಿದೆ. ಕಲ್ಯಾಣದಲ್ಲಿರುವ ನನ್ನ ಅಕ್ಕ ಗಿರಿಜಕ್ಕ ಬಹುಕಾಲ ಅವಳು ಮದುವೆಯ ಆಮಂತ್ರಣಪತ್ರಿಕೆ ಮಾಡುತ್ತಾಳೆಂದೇ ತಿಳಿದಿದ್ದಳು, ನಾನು ತಿದ್ದಿದ ಮೇಲೆ ಕನ್ನಡ ಸಂಘದ ಭಜನಾಮಂಡಳಿಯಲ್ಲಿ ‘ಸ್ಟೇಶನರಿ ಲೈನಿನಲ್ಲಿದ್ದಾಳೆ’ ಎಂದು ಪರಿಚಯಿಸತೊಡಗಿದಳು. ಸ್ವಾತಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ತುಳುವಿನಲ್ಲಿ ಬೈದರೂ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ, ಸಿಟ್ಟು ಬಂದರೆ ಮರಾಠಿಯಲ್ಲಿ.

ತಾಯಿಯ ವರ್ಷಾಬ್ದಿಕ ಮುಗಿದ ಕೆಲವು ದಿನಗಳಲ್ಲಿ ಅವಳು ಬಂದು ಜಲಜಾಳ ಕಪಾಟಿನ ಎದುರು ನಿಂತಳು. ರೇಷ್ಮೆ ಬೇಡ, ಮಿಶ್ರಣದ್ದು ಬೇಡ, ಅಚ್ಚ ಹತ್ತಿಯ ಸೀರೆಗಳಷ್ಟು ಸಾಕು, ಅವುಗಳಿಂದ ಕಾಗದ ಮಾಡಿ ಒಂದು ಇಡೀ ಕೋಣೆಯ ನೆಲಕ್ಕೆ ಹಾಸುತ್ತೇನೆ, ಬಂದವರೆಲ್ಲ ಅದರ ಮೇಲೆ ಬರಿಗಾಲಿನಲ್ಲಿ ನಡೆಯಬೇಕು, ನಡೆದು ನಡೆದು ಅದು ಸವೆದು ಹೋಗಬೇಕು, ಅದೇ ಕೃತಿ ಎಂದಳು. ‘ಏಕ್ ಹೀ ದಿನ್ ಮೇ ಸಬ್ ಖತಮ್ ಹೋ ಗಯಾ ಥಾ, ಪಪ್ಪಾ. ಮುಝೇ ಧೀರೇ ಧೀರೇ ಚಾಹಿಯೇ’ ಎಂದಳು ಸ್ವಾತಿ. ಅಷ್ಟು ಬೇಗ ಹೋದವಳನ್ನು ನಿಧಾನವಾಗಿ ಕಳುಹಿಸಿಕೊಡಬೇಕೆಂಬ ಅವಳ ಆಸೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಕಪಾಟಿನ ಬೀಗದ ಕೈ ಮಾತ್ರ ಇತ್ತು.

ಉತ್ತರವೆಲ್ಲ ಗಿರಿಜಕ್ಕನ ಬಳಿ ಇತ್ತು. ಹೋದವಳ ಸೀರೆಗಳನ್ನು ನಾದಿನಿ ಓರಗಿತ್ತಿಯರಿಗೆ ಒಂದೊಂದು ನೆನಪಿಗೆಂದು ಕೊಟ್ಟು ಉಳಿದದ್ದನ್ನು ಬಡವರಿಗೆ ಕೊಡುವುದು ನಮ್ಮಲ್ಲಿರುವ ಕ್ರಮ, ಅಕ್ಕ ತನ್ನ ಪಾಲಿಗೆ ಬರಬೇಕಾದ ನೀಲಿ ಚೌಕಳಿಯ ಸೀರೆಯನ್ನು ಮನಸ್ಸಿನಲ್ಲಿಯೇ ಗುರುತು ಹಾಕಿಟ್ಟುಕೊಂಡಿದ್ದಳು. ‘ನಿನಗೆ ಮಂಡೆ ಸರಿ ಉಂಟಾ ಮಾರಾಯ? ಸತ್ತವಳ ಸೀರೆ ಅರೆದು ಕಾಗದ ಮಾಡುದಾ? ಮತ್ತೆ ಅದನ್ನು ಊರಿನವರೆಲ್ಲ ತುಳಿಯುದಾ?’ ಎಂದು ಫೋನಿನಲ್ಲಿ ಕೇಳಿದಳು. ಪ್ರಶ್ನೆಯ ನ್ಯಾಯ ನನಗೂ ತಿಳಿಯುತ್ತಿತ್ತು. ಸಮಕಾಲೀನ ಕಲೆಯಲ್ಲಿ ಹೀಗೆಲ್ಲ ಇರುತ್ತದೆ ಎಂದು ಗಂಭೀರವಾಗಿ ಹೇಳಿ ಫೋನು ಇಟ್ಟೆ. ಸಮಕಾಲೀನ ಕಲೆಯ ವಿಷಯದಲ್ಲಿ ನನಗೆ ತಿಳಿದಿದ್ದುದೆಲ್ಲ ಆ ವಾಕ್ಯದಲ್ಲಿ ಬಂದುಹೋಗಿತ್ತು.

ಸ್ವಾತಿಯ ಕಾರ್ಯಾಗಾರ ಕಾಮೋಠೆಯಲ್ಲಿ, ಒಂದು ಕಟ್ಟಡದ ನೆಲಮಾಳಿಗೆಯ ಅಂಗಡಿಕೋಣೆ. ಠಾಣೆ ರೈಲುನಿಲ್ದಾಣದಲ್ಲಿ ಗಾಡಿ ಬದಲಿಸಿ ಪನವೇಲಿನ ಗಾಡಿ ಹಿಡಿದು, ಸೀರೆಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನಾನೇ ಒಯ್ದೆ. ಒಯ್ದು ಕೊಟ್ಟು ವಾಪಸ್ಸು ಬರಬೇಕಾದವನು ಅಲ್ಲಿಯೇ ಕೆಲಸಕ್ಕೆ ಕೂತೆ. ಕಾಗದಕ್ಕೆ ಬೇಕಾದದ್ದು ಹತ್ತಿಯ ನೂಲು ಮಾತ್ರವಾದ್ದರಿಂದ ಸೀರೆಯ ಅಂಚಿಗೆ ಹೊಲಿದ ಪಾಲಿಯೆಸ್ಟರಿನ ಫಾಲನ್ನು ಮೊದಲು ಬಿಚ್ಚಬೇಕು. ಜಲಜಾ ತನ್ನ ಸೀರೆಗಳ ಫಾಲನ್ನು ತಾನೇ ಕೈಯಲ್ಲಿ ಹೊಲಿಯುತ್ತಿದ್ದಳು, ಹೊರಗಿನಿಂದ ಕಾಣದಷ್ಟು ಸಣ್ಣ ಹೊಲಿಗೆ, ಬ್ಲೇಡಿನ ಮೂಲೆ ಕೂಡ ಒಳಗೆ ಹೋಗಲು ಒಪ್ಪದಷ್ಟು ಬಿಗಿ. ಸಂಸಾರವನ್ನು ಅವಳು ಯಾವ ಬಿಗಿಯಲ್ಲಿ ಹಿಡಿದಿದ್ದಳೆಂಬುದು ಬೆರಳು ಕೊಯ್ದುಕೊಳ್ಳುತ್ತ ನನಗೆ ಅರಿವಾಯಿತು. ಬಿಚ್ಚಿದ ಸೀರೆಯನ್ನು ಸ್ವಾತಿ ಕತ್ತರಿಯಿಂದ ಅಂಗೈಗಿಂತ ಸಣ್ಣ ಚೂರುಗಳಾಗಿ ಕತ್ತರಿಸುತ್ತಿದ್ದಳು. ಆ ಚೂರುಗಳು ನೆನೆದು, ಅರೆಯುವ ಯಂತ್ರದಲ್ಲಿ ಸುತ್ತಿ ಸುತ್ತಿ, ಯಾವುದು ದೀಪಾವಳಿಯದು ಯಾವುದು ಸ್ವಾತಿಯ ಶಾಲೆಯ ಕಾರ್ಯಕ್ರಮಕ್ಕೆ ಉಟ್ಟದ್ದು ಎಂಬ ಭೇದವಳಿದು, ಅರಿಸಿನ, ಇಟ್ಟಿಗೆ, ನೀಲಿ ಎಲ್ಲ ಬೆರೆತು ತೊಳೆದಿಟ್ಟ ಹುರುಳಿಯ ಬಣ್ಣದ ತಿರುಳಾಯಿತು.

ಕಾಗದ ಗಟ್ಟಿ ನಿಲ್ಲಬೇಕಾದರೆ ಅದಕ್ಕೆ ಗಂಜಿ ಕುಡಿಸಬೇಕಂತೆ. ‘ಮಮ್ಮಿ ಸಾಡೀ ಕೋ ಕೌನ್ ಸಾ ಗಂಜಿ ದೇತೀ ಥೀ?’ ಎಂದು ಸ್ವಾತಿ ಕೇಳಿದಾಗ ನನಗೆ ಹಿಗ್ಗಾಯಿತು, ಯಾಕೆಂದರೆ ಈ ಇಡೀ ಕಲಾವ್ಯವಹಾರದಲ್ಲಿ ನನಗೆ ಉತ್ತರ ಗೊತ್ತಿದ್ದ ಪ್ರಶ್ನೆ ಅದೊಂದೇ. ಕುಚ್ಚಲಕ್ಕಿಯ ತಿಳಿ, ಬಟ್ಟೆಯಲ್ಲಿ ಸೋಸಿದ್ದು, ಉಗುರುಬೆಚ್ಚಗಿರುವಾಗಲೇ. ಆ ವಾರಗಳಲ್ಲಿ ನಾನು ಡೊಂಬಿವಲಿಯಲ್ಲಿ ಅನ್ನ ಬೇಯಿಸಿ, ತಿಳಿಯನ್ನು ಸ್ಟೀಲಿನ ಡಬ್ಬಿಯಲ್ಲಿ ತುಂಬಿ ಕಾಮೋಠೆಗೆ ಒಯ್ಯುತ್ತಿದ್ದೆ. ಮಗಳಿಗೆ ಊಟ ಒಯ್ಯುತ್ತಿದ್ದೇನೆಂದು ಗಾಡಿಯಲ್ಲಿ ಜನ ತಿಳಿದುಕೊಂಡಿರಬೇಕು. ಹಾಳೆಗಳು ಗಂಜಿ ಕುಡಿದು ಗೋಡೆಯ ಮೇಲೆ ಒಣಗುವಾಗ ಕೋಣೆಯ ತುಂಬ ಇಸ್ತ್ರಿಗೆ ಮುಂಚಿನ ಸೀರೆಯ ವಾಸನೆ ಹರಡುತ್ತಿತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೆಲಸ ಮಾಡುತ್ತಿದ್ದೆವು.

ಕಾಗದದ ಕಲಾವಿದರೆಲ್ಲ ಸೇರಿದ ಆ ಪ್ರದರ್ಶನ ನಡೆದದ್ದು ಠಾಣೆಯಲ್ಲಿ, ಹಿಂದೆ ಯಾವುದೋ ಕಾರ್ಖಾನೆಯಾಗಿದ್ದ ಎತ್ತರದ ಛಾವಣಿಯ ಶೆಡ್ಡಿನಲ್ಲಿ. ಇತ್ತ ಕಡೆಯ ಊರುಗಳಲ್ಲಿ ಕಾಗದವನ್ನು ಹಿಡಿದುಕೊಂಡು ಕೂತವರು ಇಷ್ಟು ಜನ ಇದ್ದಾರೆಂದು ನನಗೆ ಕಲ್ಪನೆಯೇ ಇರಲಿಲ್ಲ. ಕಲ್ಯಾಣದ ಒಬ್ಬ ಯುವಕ ಒಂದೇ ಕಪ್ಪು ಹಾಳೆಯನ್ನು ಕತ್ತರಿಸಿ ಲೋಕಲ್ ಗಾಡಿಯ ಇಡೀ ಡಬ್ಬಿಯನ್ನು, ಜೋತಾಡುವ ಹಿಡಿಕೆಗಳನ್ನೂ ಹಿಡಿಕೆಗೆ ಜೋತ ಕೈಗಳನ್ನೂ ಬಿಡಿಸಿದ್ದ. ಅದರ ಹಿಂದಿನ ದೀಪದಿಂದ ಗೋಡೆಯ ಮೇಲೆ ಬಿದ್ದ ನೆರಳಿನಲ್ಲಿ ನಿಜವಾದ ಗಾಡಿಗಿಂತ ಹೆಚ್ಚು ಸ್ಥಳಾವಕಾಶವಿತ್ತು. ನೆರೂಳದ ಒಬ್ಬಾಕೆ ಎಲ್ಲಿಯೂ ಕತ್ತರಿಸದೆ, ಎಲ್ಲಿಯೂ ಅಂಟಿಸದೆ, ಒಂದೇ ಹಾಳೆಯನ್ನು ಮಡಚಿ ಮಡಚಿ ಚಿಪ್ಪುಹಂದಿಯೊಂದನ್ನು ಮಾಡಿದ್ದಳು. ನಾನು ಇನ್ಕಮ್ ಟ್ಯಾಕ್ಸಿನ ಕಾಗದವನ್ನು ಲಕೋಟೆಯ ಅಳತೆಗೆ ಮಡಚಲಾರದವನು, ಅದರ ಎದುರು ವಿನೀತನಾಗಿ ಬಹಳ ಹೊತ್ತು ನಿಂತೆ. ಎಲ್ಲ ಕೃತಿಗಳ ಬದಿಯಲ್ಲಿಯೂ ‘ಮುಟ್ಟಬೇಡಿ’ ಎಂಬ ಫಲಕವಿತ್ತು, ಜನ ಎಲ್ಲವನ್ನೂ ಮುಟ್ಟುತ್ತಿದ್ದರು.

ಸ್ವಾತಿಯ ಕೋಣೆಯ ಬಾಗಿಲಲ್ಲಿ ಮಾತ್ರ, ಚಪ್ಪಲಿ ಕಳಚಿಟ್ಟು ಕಾಗದದ ಮೇಲೆ ನಡೆಯಿರಿ ಎಂಬ ಫಲಕವಿತ್ತು, ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಮತ್ತು ಅವಳ ತಾಯಿಯ ಸಲುವಾಗಿ ಕನ್ನಡದಲ್ಲಿ. ಕನ್ನಡದ ಕೆಲಸ ನನ್ನದು. ನನ್ನ ಲೇಖನಿಯ ಚಾಪಲ್ಯದಿಂದಾಗಿ ಅದು ‘ತಮ್ಮ ಪಾದಸ್ಪರ್ಶದಿಂದ ಈ ಕೃತಿಯನ್ನು ಪರಿಪೂರ್ಣಗೊಳಿಸಬೇಕಾಗಿ ಸವಿನಯ ಪ್ರಾರ್ಥನೆ’ ಎಂದಾಗಿ, ಓದಿದವರು ಜೀರ್ಣೋದ್ಧಾರದ ವಂತಿಗೆ ಪೆಟ್ಟಿಗೆ ಎಲ್ಲಿದೆಯೆಂದು ಹುಡುಕುವಂತಿತ್ತು. ಅದರ ಕೆಳಗೆ ಸ್ವಾತಿ ಪ್ರಾಮಾಣಿಕಳಾಗಿ, ಈ ಕಾಗದ ನನ್ನ ತಾಯಿ ಉಟ್ಟ ಸೀರೆಗಳಿಂದ ಮಾಡಿದ್ದು ಎಂದೂ ಬರೆಸಿದ್ದಳು.

ಅಲ್ಲಿಗೆ ಮುಗಿಯಿತು. ಒಬ್ಬರೂ ಕಾಲಿಡಲಿಲ್ಲ. ಜನ ಬಂದರು, ಓದಿದರು, ಚಪ್ಪಲಿ ಕಳಚಿದರು, ಕೆಲವರು ಕೈಮುಗಿದರು. ಆಮೇಲೆ, ಹಾಳೆಗಳ ಒರಟು ಅಂಚು ಗೋಡೆಗೆ ತಾಗದಿರಲೆಂದು ಸ್ವಾತಿ ಕೋಣೆಯ ಸುತ್ತ ಬಿಟ್ಟಿದ್ದ ಗೇಣಗಲದ ಬರಿನೆಲವನ್ನು ಹಿಡಿದು, ಬೆನ್ನನ್ನು ಗೋಡೆಗೆ ಒತ್ತಿ, ಕಾಲನ್ನು ಅಡ್ಡಡ್ಡ ಇಡುತ್ತ ಒಂದು ಸುತ್ತು ಬಂದು ಹೊರಗೆ ಹೋದರು. ಮೊದಲ ದಿನ ಕನ್ನಡದವರು ಹಾಗೆ ಮಾಡಿದಾಗ ನಮ್ಮವರೇ ಹೀಗೆ ಎಂದುಕೊಂಡೆ, ಮರುದಿನ ಮರಾಠಿಯವರೂ ಹಾಗೆಯೇ ಮಾಡಿದರು. ಓಡಿಬಂದು ಕಾಗದದ ಮೇಲೆ ಕಾಲಿಟ್ಟ ಒಂದು ಮಗುವನ್ನು ತಾಯಿ ರೆಟ್ಟೆ ಹಿಡಿದೆಳೆದು ಕಣ್ಣಿಗೆ ಒತ್ತಿಕೊಳ್ಳಲು ಹೇಳಿದಳು. ಕಲೆಯನ್ನು ಬಲ್ಲವರಂತೆ ತೋರಿದ, ಗಡ್ಡ ಬಿಟ್ಟ ಒಬ್ಬರು ಧೈರ್ಯದಿಂದ ಅಂಚಿನವರೆಗೆ ಹೋಗಿ, ಗೋಡೆಗಂಟಿ ನಿಂತ ಹೆಂಗಸರ ಕಣ್ಣುಗಳನ್ನು ನೋಡಿ, ಬಗ್ಗಿ ಕಾಗದದ ಗುಣಮಟ್ಟವನ್ನು ಪರೀಕ್ಷಿಸುವವರಂತೆ ನಟಿಸಿ ಹಿಂದಿರುಗಿದರು. ಸವೆದು ಹೋಗಬೇಕೆಂದು ಮಾಡಿದ್ದು ಒಂದು ಗೆರೆಯೂ ಬೀಳದೆ ಹಾಗೆಯೇ ಬಿದ್ದಿತ್ತು. ದಿನದಿನಕ್ಕೆ ಸ್ವಾತಿಯ ಮುಖ ಸಣ್ಣದಾಗುತ್ತ ಹೋಯಿತು.

ಕೊನೆಯ ದಿನ ಮಧ್ಯಾಹ್ನ ಗಿರಿಜಕ್ಕ ಭಜನಾಮಂಡಳಿಯವರನ್ನು ಕರೆದುಕೊಂಡು ಬಂದಳು. ಸಿಟ್ಟಿನ್ನೂ ಇಳಿದಿರಲಿಲ್ಲ, ಆದರೂ ತಮ್ಮನ ಮಗಳ ಪ್ರದರ್ಶನಕ್ಕೆ ಬರದೆ ಇರುವುದು ಅವಳಿಂದಾಗದು. ಅವಳೂ ಗೋಡೆಯ ಬದಿ ಹಿಡಿದಳು, ಹಿಂದಿನಿಂದ ಮಂಡಳಿ. ಅರ್ಧ ದಾರಿಯಲ್ಲಿ ನಿಂತು, ಬಗ್ಗಿ, ನೆಲದ ಬಣ್ಣವನ್ನು ನೋಡುತ್ತ ‘ನೀಲಿ ಚೌಕಳಿಯದ್ದು ಇದರಲ್ಲಿ ಎಲ್ಲಿ ಉಂಟು?’ ಎಂದು ಕೇಳಿದಳು. ಎಲ್ಲ ಕಡೆಯೂ ಇದೆ ಅಕ್ಕ ಎಂದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಸಂಜೆಗೆ ಎಲ್ಲವನ್ನೂ ತೆಗೆಯಬೇಕಿತ್ತು. ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತಿದ್ದ ಮಗಳ ಹತ್ತಿರ ಹೋಗಿ ‘ನೀನು ಮೊದಲು ಹೋಗು ಮಗಾ, ನೀನು ಹೋದರೆ ಅವರೂ ಬರ್ತಾರೆ’ ಎಂದೆ. ಇಷ್ಟು ಸರಳವಾದ ಉಪಾಯ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. ಸ್ವಾತಿ ತಲೆ ಎತ್ತಲಿಲ್ಲ. ‘ಮೇರೇ ಸೇ ನಹೀಂ ಹೋತಾ, ಪಪ್ಪಾ’ ಎಂದಳು. ಆಗ ನನಗೆ ಹೊಳೆಯಿತು. ಹಾಳೆಗಳನ್ನು ಹಾಸುವಾಗ ಅವಳು ಕೋಣೆಯ ಆಚೆ ತುದಿಯಿಂದ ಶುರುಮಾಡಿ, ಮೊಣಕಾಲೂರಿ, ಹಿಂದೆ ಹಿಂದೆ ಸರಿಯುತ್ತ ಬಾಗಿಲಿಗೆ ಬಂದು ಮುಟ್ಟಿದ್ದಳು, ಒಮ್ಮೆಯೂ ಪಾದ ತಾಗಿಸಿರಲಿಲ್ಲ. ಹಿಂದಿಯಲ್ಲಿ ಉತ್ತರಿಸುವ, ಗೋಡೆಗೆ ಚಿಂದಿ ತೂಗುಹಾಕುವ, ನಮ್ಮ ಯಾವ ಮೊಟಕೂ ತಾಗಿಲ್ಲವೆಂದು ನಾನು ತಿಳಿದಿದ್ದ ಈ ಹುಡುಗಿ, ತನ್ನಿಂದಾಗದ್ದನ್ನು ಬೇರೆಯವರಾದರೂ ಮಾಡಿಕೊಡಲಿ ಎಂದು ಇಡೀ ಊರನ್ನು ಕರೆದು ಕಾದು ಕೂತಿದ್ದಳು.

ಅವಳ ಬದಿಯಲ್ಲಿ ನೆಲದ ಮೇಲೆ ಕೂತೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ. ಡೊಂಬಿವಲಿಯ ಚಾಳಿನ ಒಂಟಿ ಕೋಣೆಯಲ್ಲಿ ನಾವಿದ್ದಾಗ ನೆಲ ತಣ್ಣಗೆ ಕೊರೆಯುತ್ತಿತ್ತು, ನಿನ್ನ ಅಮ್ಮ ತನ್ನ ಹಳೆಯ ಹತ್ತಿ ಸೀರೆಯನ್ನು ಮಡಚಿ ಹಾಸುತ್ತಿದ್ದಳು, ನೀನು ಮೊದಲ ಸಲ ಎದ್ದು ನಿಂತದ್ದು ಅದರ ಮೇಲೆ, ಮೊದಲ ಹೆಜ್ಜೆ ಇಟ್ಟದ್ದು, ಬಿದ್ದದ್ದು, ಒದ್ದೆ ಮಾಡಿದ್ದು ಎಲ್ಲ ಅದರ ಮೇಲೆಯೇ. ಅವಳು ಅದನ್ನು ಒಗೆದು, ಗಂಜಿ ಹಾಕಿ, ಮತ್ತೆ ಉಡುತ್ತಿದ್ದಳು. ಮಗುವಿನ ಕಾಲು ತಾಗಿತೆಂದು ಅವಳು ಯಾವತ್ತೂ ನಿನ್ನನ್ನು ಕಣ್ಣಿಗೆ ಒತ್ತಿಕೊಳ್ಳಲು ಹೇಳಲಿಲ್ಲ. ಹೊಟ್ಟೆಯಲ್ಲಿದ್ದಾಗಲೇ ಒದೆಯುತ್ತಿದ್ದವಳು ನೀನು, ಒದ್ದಾಗಲೆಲ್ಲ ನನ್ನ ಕೈ ಎಳೆದು ಅಲ್ಲಿ ಇಡುತ್ತಿದ್ದಳು. ‘ನಿನ್ನ ಕಾಲು ಅವಳಿಗೆ ಹೊಸತಲ್ಲ ಮಗಾ’ ಎಂದೆ.

ಸ್ವಾತಿ ಬಹಳ ಹೊತ್ತು ಅತ್ತಳು. ಅತ್ತೆಯ ಕಡೆಗಾಗಲಿ ಮಂಡಳಿಯವರ ಕಡೆಗಾಗಲಿ ಅವಳ ಲಕ್ಷ್ಯವಿರಲಿಲ್ಲ. ಆಮೇಲೆ ಎದ್ದು ಕಾಲಿಟ್ಟಳು. ಗಂಜಿ ಹಾಕಿದ ಹೊಸ ಮಡಿಕೆ ಬಿಚ್ಚುವಾಗ ಬರುವಂಥ ಸದ್ದು ಬಂತು. ಅವಳು ಗಾಬರಿಯಾಗಿ ನಿಂತಳು, ಮತ್ತೆ ಇನ್ನೊಂದು ಕಾಲಿಟ್ಟಳು, ಎರಡೂ ಕೈಗಳನ್ನು ಸ್ವಲ್ಪ ಅಗಲಿಸಿಕೊಂಡು, ಈಗಷ್ಟೇ ನಡೆಯಲು ಕಲಿತವಳಂತೆ, ನಿಧಾನವಾಗಿ ಕೋಣೆಯ ಆಚೆ ತುದಿಗೆ ಹೋದಳು. ಗೋಡೆಯ ಬದಿಯಲ್ಲಿದ್ದ ಗಿರಿಜಕ್ಕ ‘ಹೆತ್ತ ಮಗಳೇ ಹೋದಳಲ್ಲ, ಇನ್ನು ನಮಗೆ ಎಂತದು’ ಎಂದು ತನ್ನಷ್ಟಕ್ಕೆ ಹೇಳಿ, ಬಗ್ಗಿ ಕಾಗದವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಅದರ ಮೇಲೆ ಹೆಜ್ಜೆಯಿಟ್ಟಳು. ಮಂಡಳಿಯವರೂ ಹಾಗೆಯೇ ಮುಟ್ಟಿ, ಒತ್ತಿಕೊಂಡು, ಕಾಲಿಟ್ಟರು. ಹೊರಗಿದ್ದವರು ನೋಡಿ ಒಳಗೆ ಬಂದರು. ಕಲ್ಯಾಣದ ಯುವಕ ಬಂದ, ನೆರೂಳದಾಕೆ ಬಂದಳು. ಸ್ವಲ್ಪ ಹೊತ್ತಿನಲ್ಲಿ ಕೋಣೆಯ ನಡುವಿನ ಹಾಳೆ ಬಿರಿದು, ಎಳೆ ಎದ್ದು, ಕೆಳಗಿನ ಸಿಮೆಂಟು ಕಾಣಿಸಿತು.

ನಾನೂ ಎದ್ದು ಬಾಗಿಲಲ್ಲಿ ನಿಂತೆ. ಬಲಗಾಲು ಎತ್ತಿದೆ. ಅಷ್ಟು ಚೆನ್ನಾಗಿ ಮಾತಾಡಿದವನಿಗೆ ಆಮೇಲೆ ಆ ಕಾಲನ್ನು ಕೆಳಗಿಡಲಾಗಲಿಲ್ಲ. ಚಾಳಿನ ಅದೇ ಒಂಟಿ ಕೋಣೆಯಲ್ಲಿ ಓಡಾಡುವಾಗ ನನ್ನ ಕಾಲು ಜಲಜಾಳಿಗೆ ದಿನಕ್ಕೊಮ್ಮೆಯಾದರೂ ತಗಲುತ್ತಿತ್ತು. ತಗಲಿದಾಗಲೆಲ್ಲ ಅವಳು, ತಪ್ಪು ನನ್ನದೇ ಆಗಿದ್ದರೂ, ನನ್ನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು, ನಾಚಿಕೆಯಾಗಿ ನಾನೂ ಅವಳ ಭುಜ ಮುಟ್ಟಿ ಒತ್ತಿಕೊಳ್ಳುತ್ತಿದ್ದೆ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಸರಿ, ನನಗೆ ಗಾಡಿಗೆ ತಡವಾಗುತ್ತಿದ್ದರೂ ಸರಿ, ಗಂಡ ಹೆಂಡತಿ ಒಬ್ಬರಿಗೊಬ್ಬರು ನಮಸ್ಕಾರ ಮಾಡಿಕೊಂಡು ನಗುತ್ತಿದ್ದೆವು. ಈಗ ನನ್ನ ಕಾಲು ತಗಲಿದರೆ ತಿರುಗಿ ಕೈ ಚಾಚುವವರು ಯಾರೂ ಇಲ್ಲ.

‘ಆಓ ನಾ ಪಪ್ಪಾ’ ಎಂದು ಆಚೆ ತುದಿಯಿಂದ ಸ್ವಾತಿ ಕರೆದಳು. ಅವಳ ಮುಖ ಹಗುರಾಗಿತ್ತು. ಬಂದೆ ಎಂದೆ. ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಬೆನ್ನನ್ನು ಗೋಡೆಗೆ ಒತ್ತಿ, ಅಂಚಿನ ಬರಿನೆಲದ ಮೇಲೆ ಅಡ್ಡಡ್ಡ ಹೆಜ್ಜೆಯಿಡುತ್ತ ಹೊರಟೆ. ಸುತ್ತು ದಾರಿ, ಹೊತ್ತು ಹಿಡಿಯಿತು. ನಾನು ಬಂದು ಮುಟ್ಟುವವರೆಗೆ ಅವಳು ಕಾದಳು.